ಜೀವವಿಕಾಸದ ಪಾಠ "ಒತ್ತಿ ಹೇಳಬೇಡಿ" ಅಂದರು. ನಿಮ್ಮ ಕಡೆ ಹೇಗಿದೆ?

ತೊಗರಿ ಮೇಷ್ಟ್ರು, ಕಲಬುರಗಿ

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಾನು ವಿಜ್ಞಾನ ಹೇಳುವ ಮೇಷ್ಟ್ರು. ಹದಿನೈದು ವರ್ಷ ಆಯಿತು. ಎರಡು ವರ್ಷದಿಂದ ನಮ್ಮೂರ ಹತ್ತಿರದ ಒಂದು ಧಾರ್ಮಿಕ ವಸತಿ ಶಾಲೆಗೆ ಹೋಗುತ್ತಿದ್ದೇನೆ. ಅಲ್ಲಿನ ಮಕ್ಕಳು ಬೆಳಗಿನ ಜಾವ ಎದ್ದು ತಮ್ಮ ಧರ್ಮದ ಓದು ಓದುತ್ತಾರೆ. ಊಟ ಆದ ಮೇಲೆ ಗಣಿತ, ವಿಜ್ಞಾನ, ಇಂಗ್ಲಿಷ್. ಯಾವ ಧರ್ಮದ ಶಾಲೆ ಅಂತ ಹೇಳೋದಿಲ್ಲ. ಹೇಳಿದ ಕೂಡಲೇ ಅರ್ಧ ಮಂದಿ ನನ್ನ ಬೆನ್ನು ತಟ್ಟುತ್ತೀರಿ, ಇನ್ನರ್ಧ ಮಂದಿ ಬೈಯುತ್ತೀರಿ, ವಿಷಯ ಅಲ್ಲಿಗೇ ಮುಗಿದು ಹೋಗುತ್ತದೆ.

ಹೋದ ತಿಂಗಳು ಹತ್ತನೇ ಕ್ಲಾಸಿಗೆ ಅನುವಂಶೀಯತೆ ಹೇಳುತ್ತಿದ್ದೆ. ಮೆಂಡೆಲ್, ಬಟಾಣಿ ಗಿಡ, ಎತ್ತರ, ಗಿಡ್ಡ. ಒಬ್ಬ ಹುಡುಗ ಕೇಳಿದ: "ಸರ್, ಹಿಂಗೇ ಬದಲಾಗ್ತಾ ಹೋದ್ರೆ ಬಟಾಣಿ ಬೇರೆ ಗಿಡಾನೇ ಆಗಿಬಿಡಲ್ವಾ?" ನನಗೆ ಖುಷಿ ತಡೆಯಲಿಲ್ಲ. ನಾಳೆ ಹೇಳ್ತೀನಿ ಅಂದೆ. ಮರುದಿನ ಜೀವವಿಕಾಸಕ್ಕೆ ಕೈ ಹಾಕಿದೆ. ಡಾರ್ವಿನ್ ಹೆಸರು ಬೋರ್ಡಿನ ಮೇಲೆ ಬರೆದು ಇನ್ನೂ ಹತ್ತು ನಿಮಿಷ ಆಗಿರಲಿಲ್ಲ, ಆಫೀಸಿನಿಂದ ಕರೆ ಬಂತು.

ಆಡಳಿತ ಮಂಡಳಿಯ ಹಿರಿಯರು ಒಳ್ಳೆಯವರು. ಚಹಾ ಕೊಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: "ಮಾಡಬೇಡಿ ಅಂತ ನಾನು ಹೇಳೋದಿಲ್ಲ. ಒತ್ತಿ ಹೇಳಬೇಡಿ. ಪರೀಕ್ಷೆಗೆ ಬೇಕಾದಷ್ಟು ಬರೆಸಿ ಬಿಡಿ." ಜೊತೆಗೆ ಇನ್ನೊಂದು ಮಾತು. "ದೆಹಲಿಯವರೇ ಹತ್ತನೇ ಪುಸ್ತಕದಿಂದ ಅದನ್ನ ತೆಗೆದಿದ್ದಾರಂತೆ, ನಿಮಗೇನು ಅವಸರ?"

ಅದು ನಿಜ. ಶಾಲಾ ಪುಸ್ತಕ ಮಾಡುವ ದೆಹಲಿಯ ಸಂಸ್ಥೆ ಎನ್‌ಸಿಇಆರ್‌ಟಿಯ ಹತ್ತನೇ ಪುಸ್ತಕದಲ್ಲಿ ಮೊದಲು 'ಅನುವಂಶೀಯತೆ ಮತ್ತು ಜೀವವಿಕಾಸ' ಅಂತ ಪಾಠ ಇತ್ತು. 2023ರಲ್ಲಿ ಬಂದ ಪುಸ್ತಕದಲ್ಲಿ 'ಅನುವಂಶೀಯತೆ' ಮಾತ್ರ ಉಳಿಯಿತು. ದೇಶದ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಆಗ ಸಹಿ ಹಾಕಿ ಪತ್ರ ಬರೆದರು. ಹನ್ನೆರಡನೇ ಪುಸ್ತಕದಲ್ಲಿ ಪಾಠ ಇದೆ. ಆದರೆ ಹತ್ತಕ್ಕೇ ಓದು ಬಿಡುವವರು, ಪಿಯುಸಿಯಲ್ಲಿ ಆರ್ಟ್ಸ್, ಕಾಮರ್ಸ್ ತೊಗೊಳ್ಳುವವರು ಅದನ್ನ ಯಾವತ್ತೂ ನೋಡೋದೇ ಇಲ್ಲ.

ಹಿರಿಯರು ಬೇಡ ಅಂದಿದ್ದರೆ ನಾನು ಜಗಳ ಮಾಡುತ್ತಿದ್ದೆ. "ಬರೆಸಿ ಬಿಡಿ" ಅಂದಾಗ ಏನು ಹೇಳಬೇಕೋ ತಿಳಿಯಲಿಲ್ಲ. ಯಾಕಂದ್ರೆ ಎಲ್ಲಾ ಶಾಲೆಯಲ್ಲೂ ನಾವು ಮಾಡೋದು ಅದೇ ಅಲ್ವಾ? ನಿಮ್ಮ ಅನುಭವ ಬರೆಯಿರಿ.

ಸುಮ್ನೆ ಒಬ್ಬ

ಯಾವ ಶಾಲೆ ಅಂತ ಗೊತ್ತಾಯ್ತು ಬಿಡಿ. ಅವರು ಇನ್ನೂ ಏಳನೇ ಶತಮಾನದಲ್ಲೇ ಇದ್ದಾರೆ.

ಬಸವನ ಬಾಗಿಲು

ನನಗೂ ಗೊತ್ತಾಯ್ತು. ಹಸುವಿನ ಉಚ್ಚೆಯಲ್ಲಿ ಬಂಗಾರ ಇದೆ ಅನ್ನೋರು ಡಾರ್ವಿನ್‌ನ ಹೇಗೆ ಒಪ್ತಾರೆ.

ತೊಗರಿ ಮೇಷ್ಟ್ರು

ನೋಡಿ, ಇದಕ್ಕೇ ಹೇಳಲಿಲ್ಲ. ಇಬ್ಬರೂ ಬೇರೆ ಬೇರೆ ಶಾಲೆಗೆ ಹೋಗಿ ನಿಂತಿದ್ದೀರಿ. ಇನ್ನೊಬ್ಬರು ಮೆಸೇಜ್ ಮಾಡಿ "ಮಿಷನ್ ಶಾಲೆ ತಾನೇ ಸರ್" ಅಂದರು. ಮುಂದಕ್ಕೆ ಹೋಗೋಣ.

ಮಠದ ಹಳೇ ಹುಡುಗ, ಆಳಂದ

ನಾನು ಮಠದ ಹಾಸ್ಟೆಲಿನಲ್ಲಿ ಓದಿದವನು. ಮೊದಲು ಒಂದು ಮಾತು. ಆ ಮಠ ಇಲ್ಲದಿದ್ದರೆ ನಾನು ಹತ್ತನೇ ಕ್ಲಾಸು ಕಾಣುತ್ತಿರಲಿಲ್ಲ. ಅಪ್ಪ ಹೈದರಾಬಾದಿಗೆ ಕೂಲಿಗೆ ಹೋಗುತ್ತಿದ್ದರು. ದಾಸೋಹದ ಊಟ, ಮಲಗಲು ಜಾಗ, ಪುಸ್ತಕ, ಎಲ್ಲಾ ಪುಕ್ಕಟೆ. ನಮ್ಮ ಭಾಗದಲ್ಲಿ ಶಾಲೆ ಕಟ್ಟಿದವರು ಯಾರು? ಶರಣಬಸವೇಶ್ವರ ಸಂಸ್ಥಾನ, ಬಂದೇ ನವಾಜ್ ದರ್ಗಾದ ಕಡೆಯವರು, ಬೀದರಿನ ಗುರುದ್ವಾರದವರು, ಮೆಥಡಿಸ್ಟ್ ಮಿಷನ್ನಿನವರು. ಇಂಜಿನಿಯರಿಂಗ್ ಕಾಲೇಜು, ಮೆಡಿಕಲ್ ಕಾಲೇಜು ಕೂಡ ಅವರಲ್ಲಿ ಕೆಲವರೇ ಕಟ್ಟಿದ್ದು. ಧರ್ಮದವರಿಗೆ ವಿಜ್ಞಾನ ಅಂದರೆ ಆಗೋದಿಲ್ಲ ಅಂತ ಸಲೀಸಾಗಿ ಹೇಳಬೇಡಿ.

ಈಗ ಇನ್ನೊಂದು ಮಾತು. ನಮ್ಮ ಹೈಸ್ಕೂಲಿನಲ್ಲಿ ಒಂದು ಸೂಕ್ಷ್ಮದರ್ಶಕ ಇತ್ತು. ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ವರ್ಷಕ್ಕೆ ಒಂದು ಸಲ, ಆಯುಧ ಪೂಜೆಗೆ, ಹೊರಗೆ ಬರುತ್ತಿತ್ತು. ಕುಂಕುಮ ಹಚ್ಚಿ, ಹೂ ಏರಿಸಿ, ಊದುಬತ್ತಿ ಬೆಳಗಿ ಮತ್ತೆ ಒಳಗೆ. ಮೂರು ವರ್ಷದಲ್ಲಿ ಅದರೊಳಗೆ ಕಣ್ಣಿಟ್ಟು ನೋಡಿದವರು ಒಬ್ಬರೂ ಇಲ್ಲ. ಲೆನ್ಸಿನ ಮೇಲೆ ಕುಂಕುಮ ಗಟ್ಟಿಯಾಗಿ ಕೂತಿತ್ತು. ನಮ್ಮ ಸರ್ ಅದರ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಲು ಮಾತ್ರ ಹೇಳುತ್ತಿದ್ದರು. ನಾಲ್ಕು ಅಂಕ, ಗ್ಯಾರಂಟಿ.

ಮಲಗಿದ ಬೆಟ್ಟ, ಶಹಾಪುರ

ನಮ್ಮದು ಸರ್ಕಾರಿ ಶಾಲೆ, ಯಾವ ಧರ್ಮದ್ದೂ ಅಲ್ಲ. ನಮ್ಮಲ್ಲಿ ಪೂಜೆ ಮಾಡೋಕ್ಕೂ ಸೂಕ್ಷ್ಮದರ್ಶಕ ಇರಲಿಲ್ಲ.

2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೆನಪಿದೆಯಾ? ಆ ದಿನ ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನ ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿದ್ದರು, ಗ್ರಹಣದ ಹೊತ್ತಿನಲ್ಲಿ ಹೂತರೆ ಗುಣ ಆಗುತ್ತೆ ಅಂತ. ಟಿವಿಯಲ್ಲಿ ನೋಡಿ ಎಲ್ಲರೂ ಛೀ ಅಂದರು. ಅದೇ ದಿನ ನಮ್ಮ ಕ್ಲಾಸಿನಲ್ಲಿ ಅರ್ಧಕ್ಕರ್ಧ ಬೆಂಚು ಖಾಲಿ. ಬಂದವರನ್ನ ಕಿಟಕಿ ಹಾಕಿ ಒಳಗೆ ಕೂರಿಸಿದ್ದರು. ಗ್ರಹಣದ ಪಾಠ ಚೆನ್ನಾಗಿ ಮಾಡುವ ಸರ್, ಚಂದ್ರನ ನೆರಳು ಬೋರ್ಡಿನ ಮೇಲೆ ಸ್ಕೇಲ್ ಹಿಡಿದು ಬಿಡಿಸುವ ಸರ್, ಅವತ್ತು ಬಿಡುವ ತನಕ ನೀರು ಕೂಡ ಕುಡಿಯಲಿಲ್ಲ. ನಾನು ಕೇಳಿಯೇಬಿಟ್ಟೆ. "ಅದು ಪಾಠ, ಇದು ಪದ್ಧತಿ" ಅಂದರು. ಈ ಮಾತು ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ಹಾಗಾಗಿ ಬರೀ ಧಾರ್ಮಿಕ ಶಾಲೆ ಮೇಲೆ ಯಾಕೆ ಹಾಕ್ತೀರಿ?

ಸುಮ್ನೆ ಒಬ್ಬ

ಅಯ್ಯೋ, 2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ರಾಜ್ಯಕ್ಕೇ ಕೊನೆ. 2025ರಲ್ಲಿ ಆ ಸೀಟಿಗೆ ಕಲಬುರಗಿ ಬಂತು, 42.43 ಪರ್ಸೆಂಟು. ನೂರರಲ್ಲಿ ಐವತ್ತು ಮಕ್ಕಳೂ ಪಾಸಾಗದ ಜಿಲ್ಲೆಯಲ್ಲಿ ಕೂತು ಡಾರ್ವಿನ್ ಹೇಳಬೇಕಾ ಬೇಡವಾ ಅಂತ ಚರ್ಚೆ. ಮೊದಲು ಭಾಗಾಕಾರ ಕಲಿಸಿ.

ಸೇಡಂ ಲೆಕ್ಕದವನು

ಭಾಗಾಕಾರ ಅಂದ್ರಿ, ಬಂದೆ.

ನಮ್ಮ ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅಂತ ಎಲ್ಲರಿಗೂ ಗೊತ್ತು. ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಅಂತ ಒಬ್ಬ ಜೈನ ಗಣಿತಜ್ಞ ಇದ್ದ. 'ಗಣಿತಸಾರಸಂಗ್ರಹ' ಬರೆದ. ಖಗೋಳಕ್ಕೆ ಬಾಲಂಗೋಚಿ ಆಗದೆ ಗಣಿತ ಒಂದಕ್ಕೇ ಮೀಸಲಾದ ಪುಸ್ತಕ. ಋಣ ಸಂಖ್ಯೆಗೆ ವರ್ಗಮೂಲ ಸಿಗೋದಿಲ್ಲ ಅಂತ ಅವತ್ತೇ ಹೇಳಿದಾತ. ಧರ್ಮದ ಓದಿನ ಜೊತೆಗೇ ಬಂದ ಗಣಿತ ಅದು.

ಆದರೆ ಅದೇ ಪುಸ್ತಕದಲ್ಲಿ ಒಂದು ತಪ್ಪಿದೆ. ಯಾವುದೇ ಸಂಖ್ಯೆಯನ್ನ ಸೊನ್ನೆಯಿಂದ ಭಾಗಿಸಿದರೆ ಆ ಸಂಖ್ಯೆ ಹಾಗೇ ಉಳಿಯುತ್ತೆ ಅಂತಾನೆ. ನಾನು ಇದನ್ನ ಪ್ರತಿ ವರ್ಷ ಕ್ಲಾಸಿಗೆ ತರ್ತೀನಿ. ಮಕ್ಕಳಿಗೆ ಹೇಳ್ತೀನಿ, ನೀವೇ ಪರೀಕ್ಷೆ ಮಾಡಿ. 12ನ್ನ 1ರಿಂದ ಭಾಗಿಸಿ, 12. ಅರ್ಧದಿಂದ ಭಾಗಿಸಿ, 24. 0.1ರಿಂದ, 120. 0.01ರಿಂದ, 1200. ಸೊನ್ನೆ ಹತ್ತಿರ ಹೋದಷ್ಟೂ ಉತ್ತರ ಉಬ್ಬುತ್ತಾ ಹೋಗುತ್ತೆ, 12ಕ್ಕೆ ವಾಪಸ್ ಬರೋದಿಲ್ಲ. ಹಿಂದಿನ ಬೆಂಚಿನ ಹುಡುಗರೂ ಆ ದಿನ ಎದ್ದು ಕೂರ್ತಾರೆ. ದೊಡ್ಡ ಮನುಷ್ಯನ ತಪ್ಪು ಹಿಡಿಯೋದು ಅಂದ್ರೆ ಸುಮ್ನೇನಾ?

ಒಬ್ಬರು ಪಾಲಕರು ಬಂದು "ಆಚಾರ್ಯರಿಗೆ ತಪ್ಪು ಅಂದಿರಂತೆ" ಅಂತ ಕೇಳಿದರು. ಮನೆಯಲ್ಲಿ ನೀವ್ಯಾರಾದರೂ ಅವರ ಪುಸ್ತಕ ಓದಿದ್ದೀರಾ ಅಂದೆ. ಇಲ್ಲ ಅಂದರು. ನಾನು ಓದಿದೆ, ಅದಕ್ಕೇ ತಪ್ಪು ಸಿಕ್ತು ಅಂದೆ. ಸುಮ್ಮನಾದರು. ಈಗಲೂ ಸಂತೆಯಲ್ಲಿ ಸಿಕ್ಕರೆ ಮಾತಾಡಿಸ್ತಾರೆ.

ಬಿದ್ರಿ ಕಪ್ಪು, ಬೀದರ

ವಾಹ್. ನಮ್ಮ ಕಡೆದೂ ಸೇರಿಸ್ತೀನಿ. ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. 1472ರಲ್ಲಿ ಮುಗಿದದ್ದು. ಧರ್ಮದ ಜೊತೆ ಗಣಿತ, ಖಗೋಳ, ವೈದ್ಯ ಕಲಿಸುತ್ತಿದ್ದರು. ಗ್ರಂಥಾಲಯದಲ್ಲಿ ಸುಮಾರು 3000 ಹಸ್ತಪ್ರತಿ ಇದ್ದವು ಅಂತಾರೆ. ಅದಕ್ಕೂ ಮುಂಚೆ ಕಲಬುರಗಿಯಿಂದ ಆಳಿದ ಫಿರೋಜ್ ಷಾ ಬಹಮನಿ 1407ರಲ್ಲಿ ದೌಲತಾಬಾದ್ ಹತ್ತಿರ ಗ್ರಹ ನಕ್ಷತ್ರ ನೋಡುವ ವೀಕ್ಷಣಾಲಯ ಕಟ್ಟಿಸಲು ಶುರು ಮಾಡಿದ್ದ, ಅದು ಮುಗಿಯಲಿಲ್ಲ.

ಸುಮ್ನೆ ಒಬ್ಬ

ಆ ಮದರಸಾದಲ್ಲೇ ಆಮೇಲೆ ಮದ್ದುಗುಂಡು ತುಂಬಿ ಅದು ಸಿಡಿದು ಅರ್ಧ ಕಟ್ಟಡ ಹೋಯ್ತು ಅಂತಾರೆ. ಗವಾನ್‌ಗೆ 1481ರಲ್ಲಿ ಸುಳ್ಳು ಪತ್ರದ ಕಾರಣಕ್ಕೆ ತಲೆ ಹೋಯ್ತು. ಅದನ್ನೂ ಹೇಳಿ. ಅಜ್ಜನ ಕಾಲದ ತುಪ್ಪದ ಕೈ ಈಗ ಮೂಸಿ ಏನು ಪ್ರಯೋಜನ.

ಬಿದ್ರಿ ಕಪ್ಪು

ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಮಾತು ಸರಿಯೇ ಇದೆ. ಹಾಗಿದ್ದರೆ ಈಗಿನದು ಹೇಳ್ತೀನಿ.

ನಮ್ಮ ಮಾಮಾ ಬಿದ್ರಿ ಕೆಲಸ ಮಾಡುತ್ತಿದ್ದರು. ಸತು ಜಾಸ್ತಿ, ತಾಮ್ರ ಕಮ್ಮಿ, ಹದಿನಾರಕ್ಕೆ ಒಂದರ ಲೆಕ್ಕ. ಅದರ ಮೇಲೆ ಕೆತ್ತಿ ಬೆಳ್ಳಿ ತುಂಬಿ, ಕೊನೆಗೆ ಕೋಟೆಯ ಮಣ್ಣು, ನವಸಾಗರ ಸೇರಿಸಿ ಕುದಿಸಿದ ನೀರಿನಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ. ಮಣ್ಣು ಬಿಸಿಲು ಮಳೆ ತಾಗದ ಜಾಗದ್ದೇ ಆಗಬೇಕು. ಸರಿಯಾದ ಮಣ್ಣು ಯಾವುದು ಅಂತ ಮಾಮಾ ನಾಲಿಗೆಗೆ ಇಟ್ಟು ಹೇಳುತ್ತಿದ್ದರು. "ದುವಾ ಇರುವ ಮಣ್ಣು" ಅನ್ನುತ್ತಿದ್ದರು, ಅಂದರೆ ಪ್ರಾರ್ಥನೆಯ ಬಲ ಇರುವ ಮಣ್ಣು.

ನಾನು ಸಂಜೆ ಹೋಗುತ್ತಿದ್ದ ಮದರಸಾದ ಉಸ್ತಾದ್ ಒಬ್ಬರು ಇದನ್ನ ಕೇಳಿ, "ದುವಾ ಇದ್ದರೆ ಬೆಳ್ಳಿ ಯಾಕೆ ಕಪ್ಪಾಗಲ್ಲ, ಕೇಳಿ ಬಾ" ಅಂದರು. ವಿಜ್ಞಾನದ ಮೇಷ್ಟ್ರಲ್ಲ, ಉಸ್ತಾದ್! ನಾನು ಶಾಲೆಯ ಮೇಡಂ ಹತ್ತಿರ ಕೇಳಿದೆ. ಮಣ್ಣಿನಲ್ಲಿರುವ ಲವಣ ಸತು, ತಾಮ್ರದ ಮೇಲೆ ಕೆಲಸ ಮಾಡುತ್ತೆ, ಬೆಳ್ಳಿ ಅಷ್ಟು ಸುಲಭಕ್ಕೆ ಬಗ್ಗೋದಿಲ್ಲ ಅಂತ ತಿಳೀತು. ಮಾಮಾನ ನಾಲಿಗೆ ಉಪ್ಪನ್ನ ಅಳೆಯುತ್ತಿತ್ತು! ಮಾಮಾಗೆ ಹೇಳಿದೆ. "ನಿನ್ನ ಮೇಡಂಗೆ ಹೇಳು, ಉಪ್ಪು ನನಗೆ ಮೊದಲೇ ಗೊತ್ತಿತ್ತು" ಅಂದರು.

ಹಾಫಿಜ್ ಬಯಾಲಜಿ

ನಾನು ಹನ್ನೆರಡು ವಯಸ್ಸಿಗೆ ಕುರಾನಿನ ಮೂವತ್ತೂ ಪಾರಾ (ಭಾಗ) ಬಾಯಿಪಾಠ ಮುಗಿಸಿ ಹಾಫಿಜ್ ಆದವನು. ಹದಿನಾರಕ್ಕೆ ನನಗೆ ಭಿನ್ನರಾಶಿ ಕೂಡಿಸಲು ಬರುತ್ತಿರಲಿಲ್ಲ. ನಾಚಿಕೆ ಇಲ್ಲದೆ ಹೇಳ್ತಿದ್ದೀನಿ. ಬೀದರಿನ ಶಾಹೀನ್ ಸಂಸ್ಥೆಯವರು ಹಾಫಿಜರಿಗಾಗಿಯೇ ಸೇತುವೆ ಕೋರ್ಸ್ ನಡೆಸ್ತಾರೆ, ನಿಮಗೆ ಗೊತ್ತಿರಬಹುದು. ಅಂಥದೇ ಒಂದು ದಾರಿಯಲ್ಲಿ ಬಂದು ಹತ್ತು, ಪಿಯುಸಿ ಮಾಡಿ, ನೀಟ್ ಬರೆದೆ. ಈಗ ವೈದ್ಯಕೀಯ ಎರಡನೇ ವರ್ಷ.

ಬಾಯಿಪಾಠ ಕೆಟ್ಟದ್ದು ಅಂತ ಎಲ್ಲರೂ ಬೈತೀರಿ. ನನಗೆ ಅದೇ ಕೈ ಹಿಡಿಯಿತು. ಬಯಾಲಜಿ ಪುಸ್ತಕದ ಸಾಲು ಸಾಲು ನೆನಪಿರುತ್ತಿತ್ತು, ಯಾವ ಪುಟ, ಎಡಗಡೆಯಾ ಬಲಗಡೆಯಾ ಅನ್ನೋದೂ ಸೇರಿ. ನೀಟ್‌ಗೆ ಅದು ಸಾಕು. ಫಿಸಿಕ್ಸ್ ಕೊಂದು ಹಾಕಿತು, ಅಲ್ಲಿ ನೆನಪು ನಡೆಯೋದಿಲ್ಲ.

ಜೀವವಿಕಾಸದ ಪಾಠದ ಪ್ರಶ್ನೆ ಒಂದೂ ತಪ್ಪಾಗುತ್ತಿರಲಿಲ್ಲ. ಒಪ್ಪುತ್ತೀಯಾ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಕುರಾನಿನ ಆಯತ್ತಿನ ಪಕ್ಕದಲ್ಲಿ ಅದೂ ಒಂದು ಮೂಲೆಯಲ್ಲಿ ಕೂತಿತ್ತು. ಈಗ ಸೂಕ್ಷ್ಮಜೀವಿಗಳ ಕ್ಲಾಸಿನಲ್ಲಿ ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಬಂತು. ತಟ್ಟೆಯಲ್ಲಿ ಔಷಧದ ಬಿಲ್ಲೆ ಇಡುತ್ತೀವಿ. ಸುತ್ತ ಬ್ಯಾಕ್ಟೀರಿಯಾ ಸತ್ತು ಖಾಲಿ ವೃತ್ತ ಆಗಬೇಕು. ಒಂದು ತಟ್ಟೆಯಲ್ಲಿ ಆಗಲೇ ಇಲ್ಲ, ಬಿಲ್ಲೆಯ ಅಂಚಿನ ತನಕ ಬೆಳೆದು ನಿಂತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ನಾಲ್ಕು ಅಂಕಕ್ಕೆ ಬರೆದದ್ದು ಇದನ್ನೇ ಅಲ್ವಾ ಅಂತ.

ನಮಾಜ್ ಬಿಟ್ಟಿಲ್ಲ, ಅದನ್ನ ಕೇಳಬೇಡಿ.

ಉರ್ದು ಟೀಚರಮ್ಮ, ಕಲಬುರಗಿ

ತಮ್ಮಾ, ಓದಿ ಕಣ್ಣು ತುಂಬಿತು.

ನಾನು ಉರ್ದು ಮಾಧ್ಯಮದಲ್ಲಿ ವಿಜ್ಞಾನ ಹೇಳ್ತೀನಿ. ಜೀವವಿಕಾಸಕ್ಕೆ ನಮ್ಮಲ್ಲಿ ಇರ್ತಿಕಾ ಅಂತಾರೆ. ಪಾಠ ಮಾಡ್ತೀನಿ, ಒತ್ತಿಯೇ ಮಾಡ್ತೀನಿ. ನನ್ನ ಮನೆಯಲ್ಲಿ ನನ್ನ ನಂಬಿಕೆ ನನಗಿದೆ. ಮಕ್ಕಳು ಕೇಳಿದರೆ ಅದನ್ನೂ ಮುಚ್ಚಿಡೋದಿಲ್ಲ.

ನನಗೆ "ಒತ್ತಿ ಹೇಳಬೇಡಿ" ಅನ್ನೋರಿಗಿಂತ ಜಾಸ್ತಿ ತೊಂದರೆ ಕೊಟ್ಟವರು ಇನ್ನೊಂದು ಥರದವರು. "ಇದೆಲ್ಲಾ ನಮ್ಮ ಗ್ರಂಥದಲ್ಲಿ ಮೊದಲೇ ಇದೆ" ಅನ್ನೋರು. ನಮ್ಮ ಕಡೆ ಭಾಷಣ ಮಾಡೋರು ಮಹಾಸ್ಫೋಟ ಇದೆ, ಭ್ರೂಣಶಾಸ್ತ್ರ ಇದೆ ಅಂತಾರೆ. ಪಕ್ಕದ ಮನೆಯವರು ವಿಮಾನ ಇತ್ತು ಅಂತಾರೆ. ಕೇಳಿದ ಮಗುವಿಗೆ ಪ್ರಯೋಗ ಯಾಕೆ ಬೇಕು, ಹೇಳಿ? ಎಲ್ಲಾ ಬರೆದಿಟ್ಟಾಗಿದೆಯಲ್ಲ. ನಾಳೆ ವಿಜ್ಞಾನಿಗಳು ಹಳೇ ಮಾತು ತಿದ್ದಿದರೆ ಇವರು ಗ್ರಂಥ ತಿದ್ತಾರಾ? ದೇವರ ಮಾತಿಗೆ ವಿಜ್ಞಾನದ ಸರ್ಟಿಫಿಕೇಟ್ ಬೇಕು ಅಂತ ಯಾರು ಹೇಳಿದರು ಇವರಿಗೆ.

ಮಹಾಸ್ಫೋಟದ ಲೆಕ್ಕಕ್ಕೆ ಮೊದಲು ಕೈ ಹಾಕಿದವರಲ್ಲಿ ಲಮೈತ್ರ್ ಅನ್ನೋ ಬೆಲ್ಜಿಯಂ ಪಾದ್ರಿ ಇದ್ದರು. ಮೆಂಡೆಲ್ ಕೂಡ ಮಠದ ಸನ್ಯಾಸಿ. ಬಟಾಣಿ ಲೆಕ್ಕ ಅವರು ಬೈಬಲ್ಲಿನಲ್ಲಿ ಹುಡುಕಲಿಲ್ಲ, ಮಠದ ತೋಟದಲ್ಲಿ ಬಗ್ಗಿ ಎಣಿಸಿದರು.

ಕರಿಕೋಟು, ಕಲಬುರಗಿ

ಕಾನೂನು ಇಷ್ಟು. ಸಂವಿಧಾನದ 28ನೇ ವಿಧಿ: ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯುವ ಶಾಲೆಯಲ್ಲಿ ಧರ್ಮ ಬೋಧನೆ ಇಲ್ಲ. 30ನೇ ವಿಧಿ: ಅಲ್ಪಸಂಖ್ಯಾತರು ತಮ್ಮ ಸಂಸ್ಥೆ ನಡೆಸಬಹುದು. 51ಎ: ವೈಜ್ಞಾನಿಕ ಮನೋಭಾವ ಬೆಳೆಸೋದು ಪ್ರಜೆಯ ಕರ್ತವ್ಯ, 1976ರಲ್ಲಿ ಸೇರಿದ್ದು. ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ. ಆದರೆ 2012ರ ತಿದ್ದುಪಡಿಯಲ್ಲಿ ಮದರಸಾ, ವೇದ ಪಾಠಶಾಲೆ ಥರದ ಮುಖ್ಯವಾಗಿ ಧರ್ಮ ಕಲಿಸುವ ಜಾಗಗಳನ್ನ ಅದರಿಂದ ಹೊರಗಿಟ್ಟರು. ಎರಡನ್ನೂ, ಗಮನಿಸಿ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಮದರಸಾ ಕಾಯ್ದೆ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂತು. ಕಾಯ್ದೆ ಉಳೀತು, ಮೇಲಿನ ಪದವಿ ಕೊಡುವ ಭಾಗ ಮಾತ್ರ ಹೋಯ್ತು. ಓದಿನ ಮಟ್ಟ ಕಾಯಲು ಸರ್ಕಾರ ನಿಯಮ ಹಾಕಬಹುದು ಅಂತಲೂ ಹೇಳಿದೆ.

ಮೇಷ್ಟ್ರೆ, ನಿಮ್ಮ ಹಿರಿಯರ ಮೇಲೆ ಕೇಸು ಆಗೋದಿಲ್ಲ. "ಒತ್ತಿ ಹೇಳಬೇಡಿ" ಅನ್ನೋದಕ್ಕೆ ಸೆಕ್ಷನ್ ಇಲ್ಲ.

ಬಸವನ ಬಾಗಿಲು

ಮೊದಲು ಬರೆದದ್ದಕ್ಕೆ ಸ್ವಲ್ಪ ಮುಜುಗರ ಆಗ್ತಿದೆ. ಅಳಿಸಲ್ಲ, ಇರಲಿ. ಮೇಷ್ಟ್ರೆ, ಆ ಹುಡುಗನಿಗೆ ಕೊನೆಗೆ ಏನು ಹೇಳಿದ್ರಿ? ಅದನ್ನ ಹೇಳಲೇ ಇಲ್ಲ.

ತೊಗರಿ ಮೇಷ್ಟ್ರು

ಹೇಳ್ತೀನಿ. ಹತ್ತು ದಿನ ಸುಮ್ಮನಿದ್ದೆ, ಇಲ್ಲಿ ಬಂದದ್ದೆಲ್ಲಾ ಓದಿದೆ. "ಅದು ಪಾಠ, ಇದು ಪದ್ಧತಿ" ಅನ್ನೋ ಮಾತು ಓದಿದ ಮೇಲೆ ಬೋರ್ಡಿನ ಹತ್ತಿರ ಹೋಗಲು ಮನಸ್ಸಾಗಲಿಲ್ಲ.

ಶಾಲೆಯ ಕಾಂಪೌಂಡಿಗೆ ಹೊಂದಿ ತೊಗರಿ ಹೊಲ ಇದೆ. ಅದು ಆ ಹಿರಿಯರದ್ದೇ, ಹನ್ನೆರಡು ಎಕರೆ. ಕಾಯಿ ಕಟ್ಟುವ ಹೊತ್ತು. ಹಸಿರು ಕೀಡೆ ಬಿದ್ದಿದೆ. ಹುಡುಗರನ್ನ ಕರಕೊಂಡು ಹೋದೆ. ಹಿರಿಯರು ಅಲ್ಲೇ ಇದ್ದರು. ಗಿಡದ ಬುಡಕ್ಕೆ ಹಾಳೆ ಹಾಸಿ ಅಲುಗಾಡಿಸಿದೆವು. ನಮ್ಮ ಭಾಗದ ಹಳೇ ಉಪಾಯ, ನಿಮಗೆ ಗೊತ್ತು. ಪಟಪಟ ಬಿದ್ದವು. ಹುಡುಗರು ಎಣಿಸಿದರು, ಒಂದು ಗಿಡಕ್ಕೆ ಹದಿನಾಲ್ಕು, ಇನ್ನೊಂದಕ್ಕೆ ಒಂಬತ್ತು.

ಹಿರಿಯರನ್ನ ಕೇಳಿದೆ: "ಔಷಧಿ ಹೊಡೆಯಲಿಲ್ವಾ?" ಅವರು ಶುರು ಮಾಡಿದರು. "ಹೊಡೆದದ್ದೇ ಹೊಡೆದದ್ದು. ಮೊದಲು ಒಂದು ಸಲ ಹೊಡೆದರೆ ನೆಲಕ್ಕೆ ಬೀಳುತ್ತಿತ್ತು. ಈಗ ಅದೇ ಔಷಧಿ ಕುಡಿದು ದಪ್ಪ ಆಗ್ತಾವೆ. ಹುಳದ ಜಾತಿಯೇ ಬದಲಾಗಿದೆ ಮೇಷ್ಟ್ರೆ." ಈ ಕೊನೆಯ ವಾಕ್ಯ ಅವರದ್ದೇ, ನಾನು ಸೇರಿಸಿದ್ದಲ್ಲ.

ಹುಡುಗರ ಕಡೆ ತಿರುಗಿ ಯಾಕೆ ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಬಟಾಣಿ ಪ್ರಶ್ನೆ ಕೇಳಿದ್ದ ಹುಡುಗನೇ ಹೇಳಿದ: "ಎಲ್ಲಾ ಸಾಯಲ್ಲ ಸರ್. ಯಾವುದೋ ನಾಲ್ಕು ಗಟ್ಟಿ ಇರ್ತಾವೆ. ಅವೇ ಮರಿ ಹಾಕ್ತಾವೆ. ಮುಂದಿನ ಸಲ ಎಲ್ಲಾ ಗಟ್ಟಿ ಇರ್ತಾವೆ." ಆ ಹುಳ ಬೆಳೆದು ಪತಂಗವಾಗಿ ನೂರಾರು ಮೊಟ್ಟೆ ಇಡುತ್ತೆ, ತಿಂಗಳಿಗೊಂದು ತಲೆಮಾರು, ಮನುಷ್ಯನ ಸಾವಿರ ವರ್ಷ ಅದಕ್ಕೆ ಮೂರ್ನಾಲ್ಕು ವರ್ಷ ಇದ್ದ ಹಾಗೆ ಅಂತ ಅಷ್ಟು ಮಾತ್ರ ನಾನು ಸೇರಿಸಿದೆ. 1987ರಲ್ಲಿ ಆಂಧ್ರದ ಹತ್ತಿ ಹೊಲಗಳಲ್ಲಿ ಇದೇ ಹುಳ ಔಷಧಿಗೆ ಬಗ್ಗದೆ ರೈತರನ್ನ ಮುಳುಗಿಸಿತು ಅಂತಲೂ ಹೇಳಿದೆ. ಹಿರಿಯರು ತಲೆ ಆಡಿಸಿದರು. ಅವರ ಭಾವ ಆ ವರ್ಷ ಗುಂಟೂರು ಕಡೆ ಇದ್ದರಂತೆ.

ಹುಳದಿಂದ ಹೊಸ ಜಾತಿ ಹುಟ್ಟಿತು ಅಂತ ನಾನು ಹೇಳಲಿಲ್ಲ. ಹುಳ ಇನ್ನೂ ಅದೇ ಹುಳ. ಬಟಾಣಿ ಬೇರೆ ಗಿಡ ಆಗೋದಕ್ಕೆ ಇನ್ನೂ ಬಹಳ ದೂರ ಹೋಗಬೇಕು, ಆ ಹುಡುಗನಿಗೆ ನಾನು ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. ಆದರೆ ಈಗ ಅವನಿಗೆ ಎಲ್ಲಿಂದ ಹೊರಡಬೇಕು ಅಂತ ಗೊತ್ತು.

ವಾಪಸ್ ಬರುವಾಗ ಹಿರಿಯರು ಪಕ್ಕಕ್ಕೆ ಕರೆದರು. "ಇವತ್ತು ಮಾಡಿದ್ದು ಆ ಪಾಠವೇ ಅಲ್ವಾ?" ಹೌದು ಅಂದೆ. ಒಂದಿಷ್ಟು ದೂರ ಸುಮ್ಮನೆ ನಡೆದರು. "ಹೊಲದಲ್ಲಿ ಮಾಡಿ. ಬೋರ್ಡ್ ಮೇಲೆ ಆ ಹೆಸರು ಬರೀಬೇಡಿ" ಅಂದರು.

ಇದು ಗೆದ್ದ ಹಾಗಾ, ಸೋತ ಹಾಗಾ ನನಗೆ ಗೊತ್ತಾಗಿಲ್ಲ. ಮುಂದಿನ ವಾರ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಕರಕೊಂಡು ಹೋಗಲು ಅನುಮತಿ ಕೇಳಿದ್ದೀನಿ. ಬಸ್ಸಿನ ದುಡ್ಡು ಅವರೇ ಕೊಡ್ತಾರಂತೆ.

ಮಲಗಿದ ಬೆಟ್ಟ

ಹೆಸರು ಬರೆಯದೆ ಇರೋದು ಸೋಲೇ ಸರ್. ಪರೀಕ್ಷೆಯಲ್ಲಿ ಹೆಸರೇ ಕೇಳ್ತಾರೆ.

ಉರ್ದು ಟೀಚರಮ್ಮ

ನನಗೆ ಹಾಗನ್ನಿಸಲ್ಲ. ಹೆಸರು ಆಮೇಲೆ ಎಲ್ಲಾದರೂ ಸಿಗುತ್ತೆ. ಹುಳ ಎಣಿಸಿದ್ದು ಸಿಗೋದಿಲ್ಲ.

ಸುಮ್ನೆ ಒಬ್ಬ

ಅದೆಲ್ಲಾ ಇರಲಿ ಮೇಷ್ಟ್ರೆ. ಆ ಹಿರಿಯರು ಈಗ ಯಾವ ಔಷಧಿಗೆ ಬದಲಾಯಿಸಿದ್ದಾರೆ ಕೇಳಿ ಹೇಳ್ತೀರಾ? ಜೇವರ್ಗಿ ಕಡೆ ನಮ್ಮದೂ ಆರು ಎಕರೆ ಇದೆ, ನಿನ್ನೆಯಿಂದ ಕಾಯಲ್ಲಿ ತೂತು ಕಾಣ್ತಿದೆ.